ನಮ್ಮ ನಾಣ್ಯ ಬಿಟ್ಟು ಪರದೇಶದ ಚಿಲ್ಲರೆ ಯಾಕ್ರೀ?

"ಅಲ್ರೀ, ನಮ್ಮ ದೇಶದಾಗ ನಾಣ್ಯಕ್ಕೇನ್ ಕಡಿಮಿ? ಈ ಪರದೇಶದ ಚಿಲ್ಲರೆ ಯಾಕ ಕೂಡಿಸ್ಲತ್ತೀರಿ?"

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಝೆರಾಕ್ಸ್, ಫೋಟೊ, ಪಾಸ್‌ಪೋರ್ಟ್ ಅರ್ಜಿ ತುಂಬುವ ಕೆಲಸ. ಕೌಂಟರಿನ ಗಾಜಿನ ಕೆಳಗೆ ನಾಣ್ಯ ಜೋಡಿಸಿಟ್ಟಿದ್ದೇನೆ. ಫೋಟೊ ಪ್ರಿಂಟ್ ಆಗುವ ತನಕ ಅವನ್ನು ನೋಡುತ್ತ ನಿಂತವರಲ್ಲಿ ಹತ್ತಕ್ಕೆ ಎಂಟು ಜನ ಈ ಮಾತು ಕೇಳುತ್ತಾರೆ. 1347ರಲ್ಲಿ ಬಹಮನಿ ರಾಜಧಾನಿಯಾಗಿ, ತನ್ನದೇ ಟಂಕಸಾಲೆ ಇಟ್ಟುಕೊಂಡಿದ್ದ ಊರು ಇದು. ಹಾಗಾಗಿ ಕೇಳುವುದು ತಪ್ಪಲ್ಲ.

ನಿಜ ಹೇಳಬೇಕೆಂದರೆ ನಾನು ಅವನ್ನು ಹುಡುಕಿಕೊಂಡು ಹೋಗಲಿಲ್ಲ, ಅವೇ ಬಂದವು. ನಮ್ಮ ಕಡೆಯಿಂದ ದುಬೈ, ಜಿದ್ದಾ, ಮಸ್ಕತ್‌ಗೆ ದುಡಿಯಲು ಹೋಗುವವರು ಬಹಳ. ತಿರುಗಿ ಬಂದಾಗ ನೋಟು ಬದಲಾಯಿಸಿಕೊಳ್ಳುತ್ತಾರೆ, ನಾಣ್ಯ ಯಾರೂ ತೆಗೆದುಕೊಳ್ಳುವುದಿಲ್ಲ. ಒಮ್ಮೆ ಗೌಂಡಿ ಕೆಲಸ ಮಾಡಿ ಬಂದವನೊಬ್ಬ ಜೇಬಿನಿಂದ ಒಂದು ಹಿಡಿ ತೆಗೆದು ಕೌಂಟರ್ ಮೇಲೆ ಸುರಿದ. "ತಗೋರಿ ಭಾಯ್, ಇಲ್ಲಿ ಇದಕ್ಕ ಒಂದು ಕಪ್ ಚಾನೂ ಬರಲ್ಲ."

ಅದರಲ್ಲಿದ್ದ ದುಬೈ ಕಡೆಯ ಒಂದು ದಿರ್ಹಮ್ ಮೇಲೆ ಉದ್ದ ಕೊಕ್ಕಿನ ಕಾಫಿ ಹೂಜಿ. ದಲ್ಲಾ ಅನ್ನುತ್ತಾರೆ. ದೊರೆಯ ಮುಖ ಕೆತ್ತದೆ, ಬಂದವರಿಗೆ ಕಾಫಿ ಬಗ್ಗಿಸುವ ಪಾತ್ರೆ ಕೆತ್ತಿದ್ದಾರೆ. ಸೌದಿಯ ಚಿಲ್ಲರೆ ನಾಣ್ಯವಾದ ಹಲಾಲಾದ ಮೇಲೆ ಖರ್ಜೂರದ ಗಿಡ, ಅಡ್ಡ ಕತ್ತಿಗಳು, ಅರಬ್ಬಿ ಅಂಕಿಯಲ್ಲಿ ಇಸವಿ. ಇಸವಿ ನನಗೆ ಓದಲು ಬರಲಿಲ್ಲ. ಪಕ್ಕದ ಟೇಲರ್ ಚಾಚಾ ಕನ್ನಡಕ ಏರಿಸಿ, "ಚೌದಾ ಸೌ ಆಠ್" ಅಂದರು. ಹಿಜರಿ 1408, ಅಂದರೆ ನಮ್ಮ ಲೆಕ್ಕಕ್ಕೆ 1987-88. ಉರ್ದು ಓದುವವರು ಮನೆಗೊಬ್ಬರು ಸಿಗುವ ಓಣಿಯಲ್ಲಿ ಈ ಹವ್ಯಾಸಕ್ಕೆ ಪುಸ್ತಕ ಬೇಕಾಗಲಿಲ್ಲ. ಒಮಾನಿನ ಚಿಲ್ಲರೆಯ ಹೆಸರು ಬೈಸಾ. ಅದು ನಮ್ಮ ಪೈಸಾನೇ! ಕೊಲ್ಲಿಯ ನಾಡುಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದುದು ಭಾರತದ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಅಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತ್ತು. ಹೆಸರು ಅಲ್ಲೇ ಉಳಿದುಕೊಂಡಿದೆ.

ನನಗೆ ಎಲ್ಲಕ್ಕಿಂತ ಪ್ರೀತಿಯದು ಜಪಾನಿನ ಐದು ಯೆನ್. ಹಿತ್ತಾಳೆ ಬಣ್ಣ, ನಡುವೆ ತೂತು. ಬೆಲೆ ನಮ್ಮ ಮೂರು ರೂಪಾಯಿಯ ಆಸುಪಾಸು. ಬತ್ತದ ತೆನೆ ಬಾಗಿ ನಿಂತಿದೆ, ಕೆಳಗೆ ನೀರಿನ ಗೆರೆಗಳು, ತೂತಿನ ಸುತ್ತ ಯಂತ್ರದ ಹಲ್ಲುಚಕ್ರ. ಹೊಲ, ಮೀನುಗಾರಿಕೆ, ಕಾರ್ಖಾನೆ, ಮೂರೂ ಒಂದು ಬಿಲ್ಲೆಯಲ್ಲಿ. ಎಲ್ಲೂ 5 ಅನ್ನುವ ಅಂಕಿ ಇಲ್ಲ, ಅವರ ಲಿಪಿಯಲ್ಲಿ ಬರೆದದ್ದಷ್ಟೇ. 'ಗೋ ಎನ್' ಅಂದರೆ ಐದು ಯೆನ್ನೂ ಹೌದು, ಋಣಾನುಬಂಧವೂ ಹೌದು. ಅದಕ್ಕೇ ಅಲ್ಲಿ ಗುಡಿಗೆ ಹೋದವರು ಇದನ್ನು ಹಾಕುತ್ತಾರಂತೆ. ಅವ್ವ ಇದನ್ನು ನೋಡಿ, "ತೂತಿನ ಬಿಲ್ಲಿ! ಕೂಸಿನ ಉಡದಾರಕ್ಕ ಕಟ್ಲಿಕ್ಕೆ ಛಲೋ ಆಗ್ತದ" ಅಂದಳು. ಮರುದಿನ ನೋಡಿದರೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿಟ್ಟಿದ್ದಾಳೆ. ನಾಣ್ಯ ಕೂಡಿಸುವವರಿಗೆ ಇದಕ್ಕಿಂತ ದೊಡ್ಡ ಆಘಾತವಿಲ್ಲ. ತಿಕ್ಕಿದ ನಾಣ್ಯಕ್ಕೆ ಬೆಲೆ ಅರ್ಧ ಹೋಯಿತೆಂದೇ ಲೆಕ್ಕ. ಮೂರು ರೂಪಾಯಿಯದಾದ್ದರಿಂದ ನಕ್ಕು ಸುಮ್ಮನಾದೆ.

ಕೊಂಡು ತಂದದ್ದು ಕೆಲವೇ. ಜರ್ಮನಿಯ 1923ರ 500 ಮಾರ್ಕ್ ಅದರಲ್ಲೊಂದು. ಅಲ್ಯೂಮಿನಿಯಂ, ಅಂಗೈ ಮೇಲಿಟ್ಟರೆ ಇಟ್ಟಂತೆಯೇ ಇಲ್ಲ. ಅದೇ ವರ್ಷ ನವೆಂಬರ್ ಹೊತ್ತಿಗೆ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಹಣದುಬ್ಬರದ ಪಾಠ ಶಾಲೆಯಲ್ಲಿ ಓದಿದ್ದೆ, ತಲೆಗೆ ಹೋಗಿದ್ದು ಈ ಬಿಲ್ಲೆ ಹಿಡಿದ ಮೇಲೆ.

ಇನ್ನು ನಮ್ಮವು. ಎರಡು ವರ್ಷ ಅದನ್ನೂ ಮಾಡಿದೆ. ಇಸವಿಯ ಕೆಳಗೆ ನಕ್ಷತ್ರವಿದ್ದರೆ ಹೈದರಾಬಾದ್ ಟಂಕಸಾಲೆಯದು, ಚುಕ್ಕಿಯಿದ್ದರೆ ನೋಯ್ಡಾ, ವಜ್ರದ ಗುರುತಿದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ವರ್ಷ ವರ್ಷಕ್ಕೆ ನಾಲ್ಕು ಖಾನೆ. ಹಾಜರಿ ಪುಸ್ತಕ ತುಂಬಿದ ಹಾಗಾಯಿತು. ಅದರಲ್ಲಿ ಖುಷಿ ಕೊಟ್ಟದ್ದು ಒಂದೇ, 1985ರ ಒಂದು ರೂಪಾಯಿ. ಇಸವಿಯ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರ, ಅಂದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾದದ್ದು. ನಮ್ಮದರಲ್ಲೂ ಕೊನೆಗೆ ಮನಸ್ಸಿಗೆ ಹಿಡಿಸಿದ್ದು ಪರದೇಶದ್ದೇ!

ಬಹಮನಿ ಕಾಸಿನ ಆಸೆಗೂ ಬಿದ್ದಿದ್ದೆ. ಮೂರು ತಾಮ್ರದ ಕಾಸು ಕೊಂಡೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಎರಡರ ಅಂಚಿಗೆ ಸುತ್ತಲೂ ಸಣ್ಣ ಗೆರೆ. ಆ ಕಾಲದವು ಸುತ್ತಿಗೆಯಿಂದ ಬಡಿದವು, ಇವು ಎರಕ ಹೊಯ್ದವು. ಐದು ಯೆನ್ ನಕಲು ಮಾಡಿ ಯಾರು ತಾನೇ ಹೊಟ್ಟೆ ಹೊರೆದಾರು?

ಅದರ ಮೇಲೆ ಲಕ್ಷದ ಹುಚ್ಚು. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯ ಹಿಡಿದು ಬಂದು, "ಲಕ್ಷಕ್ಕ ಹೋಗ್ತದಂತ, ಯಾರಿಗೆ ಮಾರಬೇಕ್ರಿ?" ಅನ್ನುವವರು ತಿಂಗಳಿಗೆ ಇಬ್ಬರಾದರೂ ಇದ್ದಾರೆ. ಹಳೆ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಫೀಸು ಕೇಳುವವರನ್ನು ನಂಬಬೇಡಿ ಎಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಹೇಳಿತು. ಕೇಳುವವರು ಯಾರು? ನನ್ನ ಗಿರಾಕಿಯೊಬ್ಬರು ಆ ಫೀಸು ಕಟ್ಟಿ ಆಮೇಲೆ ನನ್ನ ಬಳಿ ಬಂದರು.

ನಮ್ಮದು ಅಂದರೆ ಯಾವುದು ಅನ್ನುವುದೂ ಈ ಸೀಮೆಯಲ್ಲಿ ಅಷ್ಟು ಸಲೀಸಲ್ಲ. ನಮ್ಮ ಮುತ್ಯಾನಿಗೆ ಸ್ವಂತ ರೊಕ್ಕ ಅಂದರೆ ನಿಜಾಮನ ಹಾಲಿ ಸಿಕ್ಕಾ. ಅರವಿ ತರಲು ಇಂಗ್ಲಿಷರ ಆಳ್ವಿಕೆಯ ಸೊಲ್ಲಾಪುರಕ್ಕೆ ಹೋಗುವಾಗ ಏಳು ಹಾಲಿ ಕೊಟ್ಟರೆ ಆರು ಕಲ್ದಾರ, ಅಂದರೆ ಇಂಗ್ಲಿಷರ ರೂಪಾಯಿ. ಒಂದು ಹಗಲಿನ ರೈಲು ದಾರಿಯಲ್ಲಿ ರೊಕ್ಕ ಪರದೇಶದ್ದಾಗುತ್ತಿತ್ತು. ಹಾಲಿ ಪೂರ್ತಿ ನಿಂತದ್ದು 1959ರಲ್ಲಿ.

ಮುತ್ಯಾನ ಒಂದು ಹಾಲಿ ರೂಪಾಯಿ ಮನೆಯಲ್ಲಿದೆ. ಬೆಳ್ಳಿ, ಮೇಲೆ ಚಾರ್‌ಮಿನಾರ್, ಅದರ ಬಾಗಿಲ ನಡುವೆ ನಿಜಾಮ ಉಸ್ಮಾನ್ ಅಲಿ ಖಾನರ ಹೆಸರಿನ ಉರ್ದು ಮೊದಲಕ್ಷರ 'ಐನ್'. ಗಾಜಿನ ಕೆಳಗೆ ಇಡಲು ಎಷ್ಟೋ ಸಲ ಕೇಳಿದ್ದೇನೆ, ಅವ್ವ ಕೊಟ್ಟಿಲ್ಲ. ಅದು ದೇವರ ಜಗಲಿ ಮೇಲಿನ ಲಕ್ಷ್ಮಿ. ಪ್ರತಿ ದೀಪಾವಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿಸಿಕೊಂಡು, ಚಾರ್‌ಮಿನಾರಿನ ಮೇಲೆ ಕುಂಕುಮ ಇಡಿಸಿಕೊಳ್ಳುತ್ತದೆ. ಆ 'ಐನ್' ಈಗ ಅರ್ಧ ಸವೆದಿದೆ.