ಮೂರನೆಯ ಪೀಳಿಗೆಯ ಬೀಜ

ಊರಿಗೆ ಹೋದಾಗಲೆಲ್ಲ ಅಪ್ಪ ಕೇಳುವ ಮೊದಲ ಪ್ರಶ್ನೆ, "ಈ ಸಲ ಎಷ್ಟಾಯ್ತಮ್ಮ ನಿನ್ನ ಬೆಳೆ?" ಎಂಬುದು. ತುಮಕೂರು ಜಿಲ್ಲೆಯಲ್ಲಿ ಮಳೆ ನಂಬಿ ರಾಗಿ ಬೆಳೆಯುವ ಅವರಿಗೆ, ಮಗಳು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಗಿಡ ಬೆಳೆಸುವುದಕ್ಕೆ ಫೆಲೋಶಿಪ್ ಪಡೆಯುತ್ತಾಳೆ ಎಂಬುದು ಗೊತ್ತು. ಆದರೆ ಆ ಗಿಡ ಗೇಣುದ್ದವೂ ಇರದ, ಸಾಸಿವೆ ಕುಟುಂಬಕ್ಕೆ ಸೇರಿದ ಒಂದು ಕಳೆ, ಮತ್ತು ನನ್ನ ಇಡೀ ವರ್ಷದ ಇಳುವರಿ ಅಮ್ಮನ ಅರಿಶಿನದ ಡಬ್ಬಿಯ ತಳವನ್ನೂ ಮುಚ್ಚುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ಅವರಿಗೆ ಇನ್ನೂ ಆಗಿಲ್ಲ.

ಗಿಡದ ಹೆಸರು ಅರಬಿಡಾಪ್ಸಿಸ್. ಅದರ ಒಂದು ಗ್ರಾಂ ಬೀಜದಲ್ಲಿ ಸುಮಾರು ಐವತ್ತು ಸಾವಿರ ಬೀಜಗಳಿರುತ್ತವೆ. ಸೀನಿದರೆ ಒಂದು ತಿಂಗಳ ಕೆಲಸ ಹಾರಿಹೋಗುತ್ತದೆ ಎಂದು ನಮ್ಮಲ್ಲಿ ತಮಾಷೆ ಮಾಡುವುದುಂಟು. ಒಣಗಿದ ಕಾಯಿಗಳನ್ನು ಕಾಗದದ ಮೇಲೆ ಉಜ್ಜಿ, ಟೀ ಸೋಸುವ ಜಾಲರಿಯಲ್ಲಿ ಹೊಟ್ಟು ಬೇರ್ಪಡಿಸುತ್ತೇವೆ. ಒಮ್ಮೆ ಆ ಜಾಲರಿಯನ್ನು ತೊಳೆಯಲು ಮನೆಗೆ ತಂದಿದ್ದಾಗ ಅಮ್ಮ ನೋಡಿ, ಮೊರ ಹಿಡಿಯಲು ಬಾರದವರ ಕೆಲಸ ಇದು ಎಂದು ನಕ್ಕರು. ಅವರು ಹೇಳಿದ್ದು ಸುಳ್ಳೇನಲ್ಲ.

ಈ ಕಳೆಯನ್ನು ಪ್ರಪಂಚದಾದ್ಯಂತ ಆರಿಸಿಕೊಂಡಿರುವುದಕ್ಕೆ ಕಾರಣಗಳಿವೆ. ಸಸ್ಯಗಳಲ್ಲೇ ಮೊದಲಿಗೆ, 2000ದಲ್ಲಿ, ಪೂರ್ತಿ ಜೀನೋಮ್, ಅಂದರೆ ಜೀವಿಯೊಂದರ ಎಲ್ಲ ಆನುವಂಶಿಕ ಮಾಹಿತಿ, ಓದಲಾದದ್ದು ಇದರದ್ದು. ಇರುವುದು ಐದೇ ಜೋಡಿ ವರ್ಣತಂತುಗಳು. ಪರಾಗಕ್ಕೆ ಇನ್ನೊಂದು ಗಿಡವನ್ನು ಕಾಯುವುದಿಲ್ಲ. ಮೊಳಕೆಯಿಂದ ಬೀಜದವರೆಗೆ ಆರು ವಾರಗಳಲ್ಲಿ ಮುಗಿಯುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಈ ಆರು ವಾರಗಳನ್ನು ನಂಬಿ ನಾನು ಸೇರಿದ ಹೊಸತರಲ್ಲಿ ಒಂದು ಲೆಕ್ಕ ಹಾಕಿದ್ದೆ. ಫೆಲೋಶಿಪ್ ಐದು ವರ್ಷ, ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಐದು ವರ್ಷಕ್ಕೆ 260 ವಾರ, ಅಂದರೆ 43 ಪೀಳಿಗೆ. ಈಗ ಮೂರು ವರ್ಷ ಕಳೆದಿವೆ, ಉಪಯೋಗಕ್ಕೆ ಬಂದ ಪೀಳಿಗೆಗಳು ಒಂಬತ್ತು. ಬೀಜವನ್ನು ಮೂರು ದಿನ ನಾಲ್ಕು ಡಿಗ್ರಿ ಚಳಿಯಲ್ಲಿ ಇಡುವುದು, ಕಾಯಿ ಹಣ್ಣಾಗುವುದು, ಬೀಜ ಒಣಗುವುದು, ಇವನ್ನೆಲ್ಲ ಸೇರಿಸಿದರೆ ಒಂದು ಪೀಳಿಗೆಗೆ ಎರಡೂವರೆ ತಿಂಗಳು ಹಿಡಿಯುತ್ತದೆ. ಉಳಿದದ್ದನ್ನು ಕರೆಂಟು, ಕುಂಡದ ಮಣ್ಣಿನಲ್ಲಿ ಹುಟ್ಟುವ ಸಣ್ಣ ನೊಣಗಳು ಮತ್ತು ನನ್ನ ತಪ್ಪುಗಳು ತಿಂದುಹಾಕಿವೆ.

ಗಿಡದ ಸಂಶೋಧನೆಯಲ್ಲಿ ತಪ್ಪು ಗೊತ್ತಾಗುವುದು ಒಂದು ಪೀಳಿಗೆ ತಡವಾಗಿ. ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವ ಪಕ್ಕದ ಕೋಣೆಯ ಗೆಳತಿಗೆ ನಿನ್ನೆ ಮಾಡಿದ ತಪ್ಪು ಇವತ್ತು ಬೆಳಗ್ಗೆ ತಟ್ಟೆಯಲ್ಲಿ ಕಾಣುತ್ತದೆ. ಅವಳು ಬೈದುಕೊಂಡು ಸಂಜೆಗೆ ಸರಿಪಡಿಸುತ್ತಾಳೆ. ನಾನು ಯುಗಾದಿಗೆ ಮಾಡಿದ ತಪ್ಪನ್ನು ಆಷಾಢದಲ್ಲಿ ಕಂಡುಹಿಡಿಯುತ್ತೇನೆ.

ಕಳೆದ ವರ್ಷ ಆದದ್ದು ಹಾಗೆಯೇ. ಬೇರು ಮಣ್ಣಿನಿಂದ ಕಬ್ಬಿಣ ಹೀರುವುದನ್ನು ನಿಯಂತ್ರಿಸುವ ಜೀನ್ ಒಂದನ್ನು ಗಿಡಕ್ಕೆ ಸೇರಿಸಬೇಕಿತ್ತು. ಅದರ ವಿಧಾನ ಕೇಳಲು ಸುಲಭ: ಹೂ ಬಿಟ್ಟ ಗಿಡವನ್ನು ತಲೆಕೆಳಗು ಮಾಡಿ, ಜೀನ್ ಹೊತ್ತ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಇರುವ ಸಕ್ಕರೆ ನೀರಿನಲ್ಲಿ ಕೆಲವು ಸೆಕೆಂಡು ಅದ್ದುವುದು. ಆ ಗಿಡದ ಬೀಜಗಳಲ್ಲಿ ನೂರಕ್ಕೆ ಒಂದರಲ್ಲಿ ಜೀನ್ ಸೇರಿಕೊಂಡಿದ್ದರೂ ಪುಣ್ಯ. ಆ ಜೀನ್ ಜೊತೆಗೇ ಕ್ಯಾನಮೈಸಿನ್ ಎಂಬ ಆ್ಯಂಟಿಬಯೋಟಿಕ್ ತಡೆಯುವ ಗುಣವನ್ನೂ ಸೇರಿಸಿರುತ್ತೇವೆ. ಕ್ಯಾನಮೈಸಿನ್ ಹಾಕಿದ ತಟ್ಟೆಯಲ್ಲಿ ಬಿತ್ತಿದರೆ ಜೀನ್ ಇಲ್ಲದ ಸಸಿಗಳು ಬೆಳ್ಳಗಾಗಿ ಸಾಯುತ್ತವೆ, ಇದ್ದವು ಹಸಿರಾಗಿ ನಿಲ್ಲುತ್ತವೆ. ಅವುಗಳ ಮಕ್ಕಳ ತಟ್ಟೆಯೊಂದರಲ್ಲಿ 84 ಸಸಿಗಳನ್ನು ಎಣಿಸಿದಾಗ 62 ಹಸಿರು, 22 ಬಿಳಿ ಸಿಕ್ಕಿದ್ದವು. ಆನುವಂಶಿಕತೆಯ ನಿಯಮ ಕಂಡ ಮೆಂಡೆಲ್‌ನ ಮೂರಕ್ಕೆ ಒಂದು ಅನುಪಾತವನ್ನು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆನೇ ಹೊರತು, ಅದು ಹೀಗೆ ಅಂಗೈಯಗಲದ ತಟ್ಟೆಯಲ್ಲಿ ತಾನಾಗಿ ಬಂದು ಕೂರುತ್ತದೆ ಎಂದು ನಿಜವಾಗಿ ನಂಬಿದ್ದು ಅವತ್ತು.

ಆದರೆ ಈ ಹಸಿರು ಸಸಿಗಳಲ್ಲಿ ಮೂರರಲ್ಲಿ ಒಂದು ಮಾತ್ರ ಜೀನ್‌ನ ಎರಡೂ ಪ್ರತಿಗಳನ್ನು ಹೊಂದಿರುತ್ತದೆ. ಅದು ಯಾವುದೆಂದು ತಿಳಿಯಲು ಪ್ರತಿ ಗಿಡದ ಬೀಜವನ್ನೂ ಬೇರೆಬೇರೆಯಾಗಿ ಕೊಯ್ದು ಮತ್ತೆ ಬಿತ್ತಬೇಕು. ಎಲ್ಲ ಸಸಿಗಳೂ ಹಸಿರಾದ ತಟ್ಟೆಯೇ ನಮಗೆ ಬೇಕಾದ ಗಿಡದ್ದು. ಜೀನೋಮ್‌ನಲ್ಲಿ ಜೀನ್ ಹೋಗಿ ಕೂರುವ ಜಾಗ ಪ್ರತಿ ಸಲವೂ ಬೇರೆಯಾದ್ದರಿಂದ, ಒಂದೇ ಫಲಿತಾಂಶವನ್ನು ಕನಿಷ್ಠ ಮೂರು ಸ್ವತಂತ್ರ ಸಾಲುಗಳಲ್ಲಿ, ಅಂದರೆ ಬೇರೆಬೇರೆ ಮೂಲ ಗಿಡಗಳ ಸಂತತಿಗಳಲ್ಲಿ, ತೋರಿಸುವುದು ವಾಡಿಕೆ. ಮೂರು ಸಾಲು, ಸಾಲಿಗೆ ಎಂಟು ಗಿಡ, ಒಟ್ಟು 24 ಪುಟ್ಟ ಟ್ಯೂಬುಗಳು. ಮುಚ್ಚಳಗಳ ಮೇಲೆ ನೀಲಿ ಮಾರ್ಕರ್‌ನಲ್ಲಿ ಸಂಖ್ಯೆ ಬರೆದೆ. ಲ್ಯಾಮಿನಾರ್ ಎಂದು ನಾವು ಕರೆಯುವ, ಶುದ್ಧ ಗಾಳಿ ಬೀಸುವ ಪೆಟ್ಟಿಗೆಯ ಒಳಗೆ ಇಡುವ ಮುನ್ನ ನಿಯಮದಂತೆ ಎಲ್ಲದರ ಮೇಲೂ ಆಲ್ಕೋಹಾಲ್ ಸಿಂಪಡಿಸಿ ಒರೆಸಿದೆ. ಕೈಗವಸಿನ ಹೆಬ್ಬೆರಳು ನೀಲಿಯಾದದ್ದನ್ನು ನೋಡಿದಾಗ ಇಪ್ಪತ್ತು ಮುಚ್ಚಳಗಳು ಬೋಳಾಗಿದ್ದವು.

ನೀರಿಗೆ ಹೋಗದ ಮಾರ್ಕರ್ ಆಲ್ಕೋಹಾಲ್‌ಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿರದ ಸಂಗತಿಯೇನಾಗಿರಲಿಲ್ಲ. ಎಂ.ಎಸ್ಸಿ.ಯಲ್ಲಿ ರಾಗಿ ತಾಕುಗಳಲ್ಲಿ ಕೆಲಸ ಮಾಡಿದ್ದಾಗ, ಅಲ್ಲಿನ ಹಿರಿಯ ಸಹಾಯಕರೊಬ್ಬರು ತೆನೆಗೆ ಕಟ್ಟುವ ಚೀಟಿಗಳ ಮೇಲೆ ಪೆನ್ಸಿಲ್ ಬಿಟ್ಟು ಬೇರೇನನ್ನೂ ಬಳಸಲು ಬಿಡುತ್ತಿರಲಿಲ್ಲ. ಮಳೆಗೂ ಬಿಸಿಲಿಗೂ ಉಳಿಯುವುದು ಅದೊಂದೇ ಎನ್ನುತ್ತಿದ್ದರು. ಅದನ್ನು ಹಳೆಯ ಕಾಲದವರ ಹಟ ಎಂದುಕೊಂಡಿದ್ದೆ. ಗೈಡ್ ಬೈಯಲಿಲ್ಲ, ಹಿಂದಿನ ಪೀಳಿಗೆಯ ಬೀಜ ಉಳಿದಿದೆಯಾ ಎಂದಷ್ಟೇ ಕೇಳಿದರು. ಉಳಿದಿತ್ತು. ಎರಡೂವರೆ ತಿಂಗಳು ಹೋಯಿತು. ಈಗ ಪ್ರತಿ ಟ್ಯೂಬಿನೊಳಗೂ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆದ ಕಾಗದದ ಚೂರೊಂದಿರುತ್ತದೆ, ಜೂನಿಯರ್‌ಗಳು ನಗುತ್ತಾರೆ.

ಇದರಿಂದ ರಾಗಿಗೇನು ಲಾಭ ಎಂದೂ ಅಪ್ಪ ಕೇಳುತ್ತಾರೆ, ಮತ್ತು ಈ ಪ್ರಶ್ನೆಗೆ ಅರ್ಜಿಗಳಲ್ಲಿ ಬರೆಯುವ ಉತ್ತರವನ್ನು ಅವರಿಗೆ ಹೇಳಲು ನನಗೆ ನಾಚಿಕೆಯಾಗುತ್ತದೆ. ನನ್ನ ಗಿಡದ ಬೇರು ಸುತ್ತಲಿನ ಮಣ್ಣನ್ನು ಹುಳಿಯಾಗಿಸಿ, ಕಬ್ಬಿಣದ ರೂಪವನ್ನು ಬದಲಿಸಿ ಹೀರಿಕೊಳ್ಳುತ್ತದೆ; ರಾಗಿ, ಭತ್ತ, ಜೋಳದಂಥ ಹುಲ್ಲಿನ ಜಾತಿಯವು ಕಬ್ಬಿಣವನ್ನು ಹಿಡಿದು ತರುವ ಅಣುಗಳನ್ನೇ ಬೇರಿನಿಂದ ಹೊರಕ್ಕೆ ಕಳಿಸುತ್ತವೆ. ಆದ್ದರಿಂದ ನಾನು ಇಲ್ಲಿ ಕಂಡದ್ದು ಅಲ್ಲಿ ಹಾಗೆಯೇ ನಡೆಯುತ್ತದೆ ಎನ್ನಲಾಗದು. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಬೆರೆಸಿ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರ ಹೆಸರು ಅಪ್ಪನಿಗೆ ಗೊತ್ತು. ಒಂದು ಪೀಳಿಗೆಗೆ ನಾಲ್ಕು ತಿಂಗಳು ಬೇಡುವ ಬೆಳೆಯಲ್ಲಿ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹೂಗಳ ನಡುವೆ ಆ ಕೆಲಸ ಮಾಡಿದವರ ಮುಂದೆ ನನ್ನ ಎರಡೂವರೆ ತಿಂಗಳ ಗೊಣಗಾಟ ಸ್ವಲ್ಪ ಅತಿಯೇ ಆಯಿತು.

ಮೂರನೆಯ ಪೀಳಿಗೆಯ ಬೀಜ ತಟ್ಟೆಗೆ ಬಿದ್ದು ಇವತ್ತಿಗೆ ಒಂಬತ್ತು ದಿನ. ಎರಡನೆಯ ಸಾಲಿನ ಐದನೆಯ ತಟ್ಟೆಯಲ್ಲಿ 58 ಸಸಿಗಳು, ಬೆಳಗ್ಗೆ ಎಣಿಸಿದಾಗಲೂ ಮಧ್ಯಾಹ್ನ ಎಣಿಸಿದಾಗಲೂ ಎಲ್ಲವೂ ಹಸಿರು. ಒಂದನೆಯ ಸಾಲಿನಲ್ಲಿ ಇನ್ನೂ ಅಂಥ ತಟ್ಟೆ ಸಿಕ್ಕಿಲ್ಲ. ಮುಂದಿನ ತಿಂಗಳು ಊರಲ್ಲಿ ರಾಗಿ ಕೊಯ್ಲು. ಸರಿಯಾಗಿ ಆ ವಾರವೇ ಈ ಸಸಿಗಳು ಹೂ ಬಿಡಲಿವೆ. ನೀರು ಹಾಕುವ ಸರದಿಯನ್ನು ಜೂನಿಯರ್ ಒಪ್ಪಿಕೊಂಡರೆ ಮೂರು ದಿನ ಹೋಗಿಬರಬಹುದು. ಅವಳಿನ್ನೂ ಹೂಂ ಎಂದಿಲ್ಲ.