ಮಾಳಿಗಿ ಮ್ಯಾಲ ಕಾಣದ ಪ್ರಿಂಟರ್

ಧಾರವಾಡದ ಮಾಳಮಡ್ಡಿಯೊಳಗ ನಮ್ಮದು ಹಳೇ ಕಲ್ಲಿನ ಗೋಡಿ ಮನಿ. ವೈಫೈ ಮಾಳಿಗಿ ಮುಟ್ಟೂದಿಲ್ಲಂತ ಅಲ್ಲಿ ಎರಡನೇ ರೂಟರ್ ಹಾಕಿದ್ವಿ. ಇಂಟರ್ನೆಟ್ ಬಂತು, ಕೆಳಗಿನ ಪ್ರಿಂಟರ್ ಮಾತ್ರ ಕಾಣಲೇ ಇಲ್ಲ. ಅಣ್ಣನ ಮಗಳು ದಿನಾ ಪೆನ್‌ಡ್ರೈವ್ ಹಿಡಕೊಂಡು ಇಳೀತಿದ್ಲು. ನೋಡಿ ಸಂಕಟ ಆಗ್ತಿತ್ತು.

ನಿನ್ನೆ ರಾತ್ರಿ ಕೂತು ನೋಡಿದೆ. ಕೆಳಗಿನ ರೂಟರ್ 192.168.1 ಸಾಲಿನ ವಿಳಾಸ ಹಂಚ್ತಿತ್ತು, ಮ್ಯಾಲಿಂದು 192.168.0. ಪ್ರಿಂಟರ್ 'ನಾ ಇಲ್ಲಿದ್ದೀನಿ' ಅಂತ ಕೂಗೂದು ಆ ಎರಡನೇ ರೂಟರ್ ದಾಟೂದಿಲ್ಲ. ಒಲಿ ಒಂದೇ ಇರೋ ಮನಿಯೊಳಗ ಜಾಲ ಎರಡಾಗಿತ್ತು! ಅಜ್ಜ ಇದ್ದಾಗ ಮೆಟ್ಟಲದ ಮ್ಯಾಲಿಂದ ಒಂದ್ಸಲ ಕರದ್ರ ಮನಿಗೆಲ್ಲಾ ಕೇಳ್ತಿತ್ತು.

ಮ್ಯಾಲಿನ ರೂಟರಿನ ವಿಳಾಸ ಹಂಚೋ ಕೆಲಸ, ಅಂದ್ರ ಡಿಎಚ್‌ಸಿಪಿ ಬಂದ್ ಮಾಡಿ, ಅದಕ್ಕ 192.168.1.2 ಕೊಟ್ಟು, ಕೇಬಲ್ ಹೊರಗಿನ ಇಂಟರ್ನೆಟ್ಟಿಗಿರೋ ವ್ಯಾನ್ ಪೋರ್ಟಿನಿಂದ ತಗದು ಮನಿಯೊಳಗಿನ ಜಾಲಕ್ಕಿರೋ ಲ್ಯಾನ್ ಪೋರ್ಟಿಗೆ ಹಾಕಿದೆ. ಪ್ರಿಂಟರಿಗೆ 192.168.1.50 ಕಾಯಂ ಮಾಡಿದೆ, ಕರೆಂಟ್ ಹೋಗಿ ಬಂದ್ರೂ ನಂಬರ್ ಬದಲಾಗಬಾರದಲ್ಲ.

ಮುಂಜಾನೆ ಅಣ್ಣನ ಮಗಳು ಮ್ಯಾಲಿಂದ ಪ್ರಿಂಟ್ ಒತ್ತಿದ್ಲು. ಕೆಳಗ ಗರ್ರ್ ಅಂತ ಸಪ್ಪಳ. ಅವ್ವ ಬಿಸಿ ಹಾಳಿ ಕೈಯಾಗ ಹಿಡಕೊಂಡು, "ಬಂತು ನೋಡವ್ವಾ ನಿಂದು!" ಅಂತ ಮೆಟ್ಟಲದ ಕಡೆ ಕೂಗಿದ್ಲು.