ತಲೆಯಿಲ್ಲದವರ ಕಣಿವೆಯಲ್ಲಿ ಹೆದರಿಕೆ ಆಗಲಿಲ್ವಾ?

ಕೆನಡಾದ ವಾಯವ್ಯ ಮೂಲೆಯಲ್ಲಿರುವ ನಹಾನಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದಾಗಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ. ಊರಿಂದ ಚಿಕ್ಕಮ್ಮ ಫೋನ್ ಮಾಡಿದಾಗಲೂ ಅದೇ: "ಅಲ್ಲಿ ರುಂಡ ಇಲ್ಲದ ಹೆಣ ಸಿಕ್ಕಿತ್ತಂತಲ್ಲೋ, ಹೆದರಿಕೆ ಆಗಲಿಲ್ವಾ ನಿಂಗೆ?"

ಸಿಕ್ಕಿದ್ದು ನಿಜ. ಚಿನ್ನ ಅರಸಿಕೊಂಡು ಹೋಗಿದ್ದ ವಿಲ್ಲಿ ಮತ್ತು ಫ್ರಾಂಕ್ ಮೆಕ್ಲಿಯಡ್ ಎಂಬ ಅಣ್ಣತಮ್ಮಂದಿರ ಅವಶೇಷ 1908ರಲ್ಲಿ ನಹಾನಿ ನದಿಯ ದಂಡೆಯಲ್ಲಿ ಸಿಕ್ಕಾಗ ತಲೆಗಳಿರಲಿಲ್ಲ. 1917ರಲ್ಲಿ ಮಾರ್ಟಿನ್ ಯೋರ್ಗೆನ್ಸನ್ ಎಂಬಾತನದೂ ಹಾಗೇ ಸಿಕ್ಕಿತು. ಅವನ ಮರದ ಗುಡಿಸಲು ಸುಟ್ಟುಹೋಗಿತ್ತು. ಕೊಲೆಯೋ ಅಲ್ಲವೋ, ಇವತ್ತಿಗೂ ಇತ್ಯರ್ಥವಾಗಿಲ್ಲ. ಹಸಿವಿಗೋ ಚಳಿಗೋ ಸತ್ತವರ ತಲೆಯನ್ನು ಕರಡಿ ಎಳೆದೊಯ್ದಿರಬೇಕು ಅಂತ ನನಗನ್ನಿಸುತ್ತದೆ. ನಕಾಶೆಯಲ್ಲಿ ಮಾತ್ರ ಹೆಸರುಗಳು ಕೂತುಬಿಟ್ಟವು: ಸತ್ತವರ ಕಣಿವೆ, ತಲೆಯಿಲ್ಲದ ಹಳ್ಳ.

ಹೆದರಿಕೆ ಆಯಿತು, ಬೇರೆ ಕಾರಣಕ್ಕೆ. ಉದ್ಯಾನದ ವಿಸ್ತಾರ ಸುಮಾರು 30,000 ಚದರ ಕಿಲೋಮೀಟರ್, ಕರ್ನಾಟಕದ ಆರರಲ್ಲೊಂದು ಪಾಲು. ಒಳಗೆ ಹೋಗಲು ರಸ್ತೆಯಿಲ್ಲ. ಫೋರ್ಟ್ ಸಿಂಪ್ಸನ್ ಎಂಬ ಊರಿನಿಂದ ಹೊರಟ ಪುಟ್ಟ ವಿಮಾನ ಕೆರೆಯ ನೀರಿನ ಮೇಲೇ ಇಳಿದು, ನಮ್ಮನ್ನೂ ಸಾಮಾನನ್ನೂ ದಡಕ್ಕೆ ಹಾಕಿ ಹಾರಿಹೋಯಿತು. ಅದರ ಸದ್ದು ಬೆಟ್ಟದಾಚೆ ಅಡಗಿದ ಮೇಲೆ ಕಿವಿಯಲ್ಲಿ ಉಳಿದದ್ದು ಸೊಳ್ಳೆಗಳ ಗುಂಯ್ ಒಂದೇ. ಇನ್ನು ಕಾಲು ಮುರಿದುಕೊಂಡರೆ ಏನು ಗತಿ ಅನ್ನುವುದು ಆಗ ಹೊಟ್ಟೆಯೊಳಗೆ ಇಳಿಯಿತು. ಮುಂದೆ ವರ್ಜೀನಿಯಾ ಜಲಪಾತದ ಮೇಲ್ಗಡೆ ದೋಣಿಯನ್ನು ದಡಕ್ಕೆ ತಿರುಗಿಸುವಾಗಲೂ ಕೈ ನಡುಗಿತು. ಎತ್ತರ 96 ಮೀಟರ್, ನಮ್ಮ ಜೋಗದ ಅರ್ಧವೂ ಇಲ್ಲ. ಆದರೆ ಇಡೀ ನದಿಗೆ ನದಿಯೇ ಅಲ್ಲಿ ಧುಮುಕುತ್ತದೆ. ಅಲ್ಲಿಂದ ಕೆಳಗೆ ಒಂದರ ಹಿಂದೊಂದು ಕಮರಿ. ಬೆಟ್ಟಗಳು ಏಳುವ ಮೊದಲೇ ಈ ನದಿ ಬಯಲಿನಲ್ಲಿ ಹಾವಿನಂತೆ ಹರಿಯುತ್ತಿತ್ತಂತೆ. ನೆಲ ಮೇಲೆದ್ದಂತೆಲ್ಲ ತನ್ನ ದಾರಿ ಬಿಡದೆ ಕೊರೆಯುತ್ತಾ ಹೋಗಿದೆ.

ನಹಾನಿಯ ನಿಗೂಢ ಅಂದರೆ ಮೂರು ತಲೆಗಳ ಲೆಕ್ಕಕ್ಕೆ ಇಳಿಸುತ್ತಾರಲ್ಲ, ಅದು ನನಗೆ ಬೇಸರ. ಇದು ಇಲ್ಲಿನ ಮೂಲನಿವಾಸಿಗಳಾದ ದೆನೆ ಜನರ ನೆಲ. ಅವರ ಹಿರಿಯರು ಹೇಳುವ ಪ್ರಕಾರ ಇಲ್ಲಿನ ಬೆಟ್ಟಗಳಲ್ಲಿ ನಹಾ ಎಂಬ ಜನ ಇದ್ದರು, ಕೆಳಗಿನ ಊರುಗಳ ಮೇಲೆ ದಾಳಿ ಮಾಡುತ್ತಿದ್ದರು, ಒಂದು ದಿನ ಇದ್ದಕ್ಕಿದ್ದಂತೆ ಕಾಣೆಯಾದರು. ಒಂದು ಜನಾಂಗಕ್ಕೆ ಜನಾಂಗವೇ! ನದಿಯ ಹೆಸರಿನಲ್ಲಿ ಮಾತ್ರ ಉಳಿದಿದ್ದಾರೆ. ಅವರು ಎಲ್ಲಿ ಹೋದರು ಅಂತ ನನ್ನನ್ನು ಯಾರೂ ಕೇಳಿಲ್ಲ.

ನನ್ನ ಮನಸ್ಸಿನಲ್ಲಿ ನಿಂತಿರುವುದು ಜಲಪಾತಕ್ಕಿಂತ ಮೊದಲು ನೋಡಿದ ರ‍್ಯಾಬಿಟ್‌ಕೆಟಲ್‌ನ ಸುಣ್ಣದ ದಿಬ್ಬ. ಬುಗ್ಗೆಯ ನೀರು ಸಾವಿರಾರು ವರ್ಷ ಪದರ ಪದರವಾಗಿ ಸುಣ್ಣ ಬಿಟ್ಟು ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ. ಉದ್ಯಾನದವರೇ ಕರೆದುಕೊಂಡು ಹೋಗಬೇಕು, ಬುಡದಲ್ಲೇ ಬೂಟು ಬಿಚ್ಚಬೇಕು. ಮೆಟ್ಟಿಲು ಮೆಟ್ಟಿಲಾಗಿ ಪುಟ್ಟ ಕೊಳಗಳು, ಹಪ್ಪಳದಷ್ಟು ತೆಳು ಅಂಚು. ಬೂಟುಗಾಲು ಇಟ್ಟರೆ ಪುಡಿಯಾಗುತ್ತದೆ. ಪಾದದ ಕೆಳಗೆ ಮರಳುಕಾಗದದ ಹಾಗೆ ಒರಟು, ಮೇಲೆ ತೆಳ್ಳಗೆ ಹರಿಯುವ ನೀರು. ಇಲ್ಲಿದ್ದ, ನೀರಿಗೆ ಒಡ್ಡು ಕಟ್ಟುವ ಪ್ರಾಣಿಗಳಾದ ದೈತ್ಯ ಬೀವರ್‌ಗಳನ್ನು ಯಾಂಬಾಡೇಜಾ ಎಂಬ ವೀರ ಓಡಿಸಿ ಜನರಿಗೆ ದಾರಿ ಮಾಡಿಕೊಟ್ಟ ಅನ್ನುತ್ತಾರೆ ದೆನೆಗಳು. ಅವರಿಗೆ ಅದು ಪವಿತ್ರ ಜಾಗ.

ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿಗಾಲಲ್ಲಿ ಹತ್ತಿದ್ಯಾ? ಕೈ ಮುಗಿದ್ಯೇನೋ?" ಅಂದರು.

ಮುಗಿದಿದ್ದೆ.